ಹೊಲದ ಬಸಿನೀರೂ ಅದರ ಮುನ್ನರಿವೂ

ಇಂಗ್ಲೆಂಡಿನ ಪೂರ್ವ ಮತ್ತು ಮಧ್ಯ ಪ್ರಾಂತಗಳ ಜೇಡಿಭೂಮಿಯಲ್ಲಿ ಹೊಲದ ಅಂಚಿಗೆ ಆಳವಾದ ಕಂದಕವಿರುವುದು ಸಾಮಾನ್ಯ. ಆ ಕಂದಕದ ಗೋಡೆಯಲ್ಲಿ, ಹುಲ್ಲಿನ ಮರೆಯಲ್ಲಿ, ಸುಟ್ಟ ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಕೊಳವೆಯ ಬಾಯಿಗಳು ಅಲ್ಲಲ್ಲಿ ಕಾಣುತ್ತವೆ. ಬೇಸಗೆಯಲ್ಲಿ ಇವು ಬಹುಮಟ್ಟಿಗೆ ಒಣಗಿರುತ್ತವೆ. ಸೆಪ್ಟೆಂಬರು ಕಳೆದು ಅಕ್ಟೋಬರಿನ ಮಳೆ ಬಿದ್ದರೂ ಅನೇಕ ದಿನ ಇವುಗಳಲ್ಲಿ ಹನಿಯಿರುವುದಿಲ್ಲ. ಬಿದ್ದ ನೀರನ್ನು ಭೂಮಿ ಕುಡಿಯುತ್ತಲೇ ಇರುತ್ತದೆ. ಆಮೇಲೆ ಒಂದು ದಿನ, ಹಿಂದಿನ ಮಳೆಗಳಿಗಿಂತ ವಿಶೇಷವೇನೂ ಅಲ್ಲದ ಒಂದು ಮಳೆಯ ತರುವಾಯ, ಕೊಳವೆಯು ತೊಟ್ಟಿಕ್ಕಲಾರಂಭಿಸಿ ಕೆಲವು ಗಂಟೆಗಳಲ್ಲಿ ಧಾರೆಯಾಗಿ ಹರಿಯುತ್ತದೆ. ಆ ನೀರು ಕಂದಕದಿಂದ ತೊರೆಗೆ, ತೊರೆಯಿಂದ ಹೊಳೆಗೆ, ಹೊಳೆಯಿಂದ ಪಟ್ಟಣದ ಜಲಾಶಯಕ್ಕೆ ಸೇರಲು ಬಹುಕಾಲ ಬೇಕಾಗುವುದಿಲ್ಲ. ಹಿಂದಿನ ವಾರ ಆ ಹೊಲಕ್ಕೆ ಕಳೆನಾಶಕವನ್ನೋ ಹುಳುವಿನ ವಿಷವನ್ನೋ ಹಾಕಿದ್ದಲ್ಲಿ ಅದರ ಒಂದಂಶವೂ ಆ ಧಾರೆಯೊಡನೆ ಹೊರಟಿರುತ್ತದೆ. ಕೊಳವೆ ಹರಿಯತೊಡಗುವ ಆ ದಿನವನ್ನು ಮುಂದಾಗಿ ಹೇಳಲು ಸಾಧ್ಯವೇ ಎಂಬುದು ಮೇಲ್ನೋಟಕ್ಕೆ ಸಣ್ಣ ಪ್ರಶ್ನೆ. ಆದರೆ ಒಕ್ಕಲಿಗನ ಬೆಳೆಯೂ ಪಟ್ಟಣಿಗರ ಕುಡಿಯುವ ನೀರೂ ಅದರ ಉತ್ತರವನ್ನು ಆಶ್ರಯಿಸಿಕೊಂಡಿವೆ.

ಈ ವಿಷಯಕ್ಕೆ ಬೇಕಾದ ಮಾತುಗಳು ಕನ್ನಡದಲ್ಲಿ ಇಲ್ಲದೆ ಇಲ್ಲ. ಅನ್ನ ಬಸಿಯುವ ‘ಬಸಿ’ ಧಾತುವೇ ಬಸಿಗಾಲುವೆಯಲ್ಲಿಯೂ ಇದೆ. ನೀರು ನಿಂತು ಕೆಟ್ಟ ನೆಲಕ್ಕೆ ಜವುಳು ಎಂಬ ಹೆಸರುಂಟು. ಇವೆಲ್ಲಕ್ಕಿಂತ ಬೆಲೆಯುಳ್ಳ ಮಾತು ‘ಹದ’. ಹೆಚ್ಚಿನ ನೀರೆಲ್ಲ ಇಳಿದುಹೋಗಿ, ಮಣ್ಣು ತನ್ನ ಶಕ್ತಿಯಿಂದ ಹಿಡಿದಿಟ್ಟುಕೊಳ್ಳಬಲ್ಲಷ್ಟು ತೇವ ಮಾತ್ರ ಉಳಿದ ಸ್ಥಿತಿಗೆ ವಿಜ್ಞಾನಿಗಳು ಎರಡು ಮೂರು ಪದಗಳ ಪಾರಿಭಾಷಿಕವೊಂದನ್ನು ಕಟ್ಟಿದ್ದಾರೆ. ಬಿತ್ತುವ ಮುನ್ನ ಮಣ್ಣನ್ನು ಕೈಯಲ್ಲಿ ಹಿಡಿದು ನೋಡುವ ರೈತನ ‘ಹದ’ವು ಅದಕ್ಕೆ ಬಹು ಸಮೀಪವಾದ ಅರ್ಥವನ್ನು ಎರಡೇ ಅಕ್ಷರಗಳಲ್ಲಿ ಹೇಳುತ್ತದೆ. ಮುಂದೆ ಆ ಅರ್ಥದಲ್ಲಿಯೇ ಈ ಪದವನ್ನು ಬಳಸಲಾಗಿದೆ. ನೆಲದೊಳಗೆ ಹುಗಿದ ಕೊಳವೆಗೆ ಬಸಿಗೊಳವೆ ಎನ್ನಬಹುದು.

ನೆಲದಿಂದ ನೀರನ್ನು ಬಸಿಯುವ ಉದ್ಯಮ ಇಂಗ್ಲೆಂಡಿನಲ್ಲಿ ಹಳೆಯದು. ವಾರಿಕ್‌ಷೈರಿನ ಜೋಸೆಫ್ ಎಲ್ಕಿಂಗ್ಟನ್ ಎಂಬ ಒಕ್ಕಲಿಗನು ೧೭೬೪ರಲ್ಲಿ ತನ್ನ ಜವುಳು ನೆಲದಲ್ಲಿ ಒರತೆಯ ಮೂಲವನ್ನೇ ಹುಡುಕಿ ನೀರನ್ನು ಹೊರಗೆ ಬಿಡುವ ಉಪಾಯವನ್ನು ಕಂಡುಕೊಂಡನು. ಅದಕ್ಕಾಗಿ ಪಾರ್ಲಿಮೆಂಟು ಆತನಿಗೆ ೧,೦೦೦ ಪೌಂಡುಗಳ ಬಹುಮಾನವನ್ನಿತ್ತಿತು. ಸ್ಕಾಟ್ಲೆಂಡಿನ ಡೀನ್‌ಸ್ಟನ್ನಿನಲ್ಲಿ ಹತ್ತಿಯ ಗಿರಣಿಯ ಮೇಲ್ವಿಚಾರಣೆ ನಡೆಸುತ್ತಿದ್ದ ಜೇಮ್ಸ್ ಸ್ಮಿತ್ತನು ೧೮೩೧ರಲ್ಲಿ ಪ್ರಕಟಿಸಿದ ಪುಸ್ತಿಕೆಯಲ್ಲಿ, ಒರತೆಯಿರಲಿ ಬಿಡಲಿ, ಹೊಲದ ಉದ್ದಕ್ಕೂ ಸಮಾನಾಂತರದಲ್ಲಿ ಬಸಿಗಾಲುವೆಗಳನ್ನು ಹಾಕಬೇಕೆಂದು ವಾದಿಸಿದನು. ೧೮೪೩ರಲ್ಲಿ ಜಾನ್ ರೀಡ್ ಎಂಬ ತೋಟಗಾರನು ಡರ್ಬಿಯ ಕೃಷಿಪ್ರದರ್ಶನದಲ್ಲಿ ಸುಟ್ಟ ಮಣ್ಣಿನ ದುಂಡುಕೊಳವೆಗಳನ್ನು ತೋರಿಸಿದನು. ಮೂರೇ ವರ್ಷಗಳ ಮೇಲೆ, ವಿದೇಶದ ಧಾನ್ಯದ ಮೇಲಿನ ಸುಂಕವನ್ನು ತೆಗೆದುಹಾಕಿದ ೧೮೪೬ರಲ್ಲಿಯೇ, ಭೂಮಾಲಿಕರಿಗೆ ಬಸಿಗೊಳವೆಗಳಿಗಾಗಿ ಸರಕಾರದ ಸಾಲ ದೊರೆಯುವ ಕಾನೂನು ಬಂದಿತು. ಮುಂದಿನ ದಶಕಗಳಲ್ಲಿ ಅಗಾಧವಾದ ಉದ್ದದ ಕೊಳವೆಗಳು ನೆಲದೊಳಗೆ ಸೇರಿದುವು. ಇಪ್ಪತ್ತನೆಯ ಶತಮಾನದಲ್ಲಿ ಪ್ಲಾಸ್ಟಿಕ್ಕಿನ ಕೊಳವೆ ಬಂದಮೇಲೆ ಸರಕಾರದ ಸಹಾಯಧನದಿಂದ ಈ ಕೆಲಸ ಮತ್ತೊಮ್ಮೆ ಭರದಿಂದ ನಡೆದು ೧೯೮೦ರ ದಶಕದಲ್ಲಿ ಇಳಿಮುಖವಾಯಿತು. ಗಟ್ಟಿ ಜೇಡಿಯಲ್ಲಿ ಕೊಳವೆಗಳ ಜತೆಗೆ ಇನ್ನೊಂದು ಉಪಾಯವೂ ಉಂಟು. ಮೋಲ್ ಎಂಬ ಬಿಲವಾಸಿ ಪ್ರಾಣಿಯ ಹೆಸರನ್ನು ಹೊತ್ತ ನೇಗಿಲಿನ ತುದಿಯ ಉಕ್ಕಿನ ಗುಂಡನ್ನು ಅರ್ಧ ಮೀಟರಿಗೂ ಸ್ವಲ್ಪ ಹೆಚ್ಚಿನ ಆಳದಲ್ಲಿ ಎಳೆದರೆ, ಅದು ಹೋದ ದಾರಿಯಲ್ಲಿ ಒಂದು ಬಿಲ ಉಳಿಯುತ್ತದೆ. ಎರಡು ಮೂರು ಮೀಟರಿಗೊಂದರಂತೆ ಇಂತಹ ಬಿಲಗಳನ್ನು ಎಳೆದು ಕೊಳವೆಗಳಿಗೆ ಕೂಡಿಸುತ್ತಾರೆ. ನೇಗಿಲಿನ ಅಲಗು ಮೇಲಿನ ಮಣ್ಣನ್ನೂ ಸೀಳಿಕೊಂಡು ಹೋಗುವುದರಿಂದ ಬಿಲಕ್ಕೂ ನೆಲದ ಮೇಲಕ್ಕೂ ನೇರವಾದ ಬಿರುಕೊಂದು ಏರ್ಪಡುತ್ತದೆ. ಈ ಬಿರುಕನ್ನು ನೆನಪಿನಲ್ಲಿಡಬೇಕು. ಮುಂದಿನ ಕಷ್ಟವೆಲ್ಲ ಬಹುಮಟ್ಟಿಗೆ ಅದರಿಂದಲೇ ಹುಟ್ಟಿದುದು.

ಬಸಿಗೊಳವೆಯಿಂದ ಹೊಲಕ್ಕೆ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಅದಿಲ್ಲದಿದ್ದರೆ ಈ ಜೇಡಿಭೂಮಿಗಳಲ್ಲಿ ಚಳಿಗಾಲದ ಗೋಧಿ ನಿಲ್ಲುವುದೇ ದುಸ್ಸಾಧ್ಯ. ಆದರೆ ಹೊಲಕ್ಕೂ ಹೊಳೆಗೂ ನಡುವೆ ಇದ್ದ ದೀರ್ಘವಾದ, ನಿಧಾನವಾದ ದಾರಿಯನ್ನು ಅದು ಮೊಟಕು ಮಾಡಿತು. ನೀರು ಮಣ್ಣಿನ ಕಣಕಣವನ್ನೂ ಸೋಕಿ ವಾರಗಟ್ಟಲೆ ಇಳಿಯುತ್ತಿದ್ದಾಗ ಅದರಲ್ಲಿದ್ದ ವಿಷ ಮಣ್ಣಿಗೆ ಅಂಟಿಕೊಳ್ಳುವುದಕ್ಕೂ ಸೂಕ್ಷ್ಮಜೀವಿಗಳಿಂದ ನಾಶವಾಗುವುದಕ್ಕೂ ಅವಕಾಶವಿತ್ತು. ಕೊಳವೆ ಆ ಅವಕಾಶವನ್ನು ಕಿತ್ತುಕೊಂಡಿತು. ವಿಕ್ಟೋರಿಯಾ ರಾಣಿಯ ಕಾಲದ ಭೂಮಾಲಿಕನಿಗೆ ಇದರಿಂದ ತೊಂದರೆಯೇನೂ ಇರಲಿಲ್ಲ. ಅವನ ಹೊಲದಲ್ಲಿ ಈಗಿನ ಪೀಡೆನಾಶಕಗಳಿರಲಿಲ್ಲ.

ಯೂರೋಪಿನ ರಾಷ್ಟ್ರಗಳ ಒಕ್ಕೂಟವು ೧೯೮೦ರಲ್ಲಿ ಕುಡಿಯುವ ನೀರಿಗೆ ಒಂದು ಕಟ್ಟಳೆಯನ್ನು ವಿಧಿಸಿತು. ಯಾವ ಒಂದು ಪೀಡೆನಾಶಕವೂ ಲೀಟರಿಗೆ ೦.೧ ಮೈಕ್ರೋಗ್ರಾಮನ್ನೂ, ಎಲ್ಲವೂ ಕೂಡಿ ೦.೫ ಮೈಕ್ರೋಗ್ರಾಮನ್ನೂ ಮೀರಕೂಡದೆಂಬುದು ಅದರ ಸಾರ. ೨೦೨೦ರಲ್ಲಿ ಕಟ್ಟಳೆಯನ್ನು ಹೊಸದಾಗಿ ಬರೆದಾಗಲೂ ಈ ಅಂಕಿಗಳು ಬದಲಾಗಲಿಲ್ಲ; ಒಕ್ಕೂಟದಿಂದ ಹೊರಬಂದ ಬ್ರಿಟನ್ನೂ ಇವನ್ನು ಉಳಿಸಿಕೊಂಡಿತು. ಒಂದೊಂದು ವಿಷದ ಅಪಾಯವನ್ನು ಬೇರೆ ಬೇರೆ ತೂಗಿ ನೋಡಿ ಇಟ್ಟ ಮಿತಿ ಇದಲ್ಲ. ಕುಡಿಯುವ ನೀರಿನಲ್ಲಿ ಇಂತಹ ವಸ್ತು ಇರಲೇಕೂಡದೆಂಬ ಸಂಕಲ್ಪಕ್ಕೆ ಸಂಖ್ಯೆಯ ರೂಪ ಕೊಟ್ಟದ್ದು. ಈ ಮಿತಿ ಎಷ್ಟು ಸೂಕ್ಷ್ಮವೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಒಂದೇ ಒಂದು ಗ್ರಾಮು ವಸ್ತುವು ಒಂದು ಕೋಟಿ ಲೀಟರು ನೀರನ್ನು ಮಿತಿಯ ಅಂಚಿಗೆ ತರುತ್ತದೆ. ಹೆಕ್ಟೇರಿಗೆ ೨೧೦ ಗ್ರಾಮು ವಿಷವನ್ನು ಹಾಕಿದ ಹೊಲದಿಂದ ಅದರ ಸಾವಿರದಲ್ಲೊಂದು ಪಾಲು, ಎಂದರೆ ೦.೨೧ ಗ್ರಾಮು, ೧೦ ಮಿಲಿಮೀಟರು ಬಸಿನೀರಿನೊಡನೆ ಹೊರಟಿತೆನ್ನೋಣ. ಒಂದು ಹೆಕ್ಟೇರಿನ ಮೇಲೆ ೧೦ ಮಿಲಿಮೀಟರೆಂದರೆ ಒಂದು ಲಕ್ಷ ಲೀಟರು. ಲೀಟರಿಗೆ ೨.೧ ಮೈಕ್ರೋಗ್ರಾಮು ಬಂದಿತು. ಮಿತಿಯ ಇಪ್ಪತ್ತೊಂದು ಪಟ್ಟು. ಹಾಕಿದ ಮದ್ದಿನ ೯೯.೯ ಭಾಗ ಹೊಲದಲ್ಲಿಯೇ ಉಳಿದ ಒಕ್ಕಲಿಗನಿಗೆ ತಾನು ಏನನ್ನಾದರೂ ಕಳೆದುಕೊಂಡೆನೆಂಬ ಅನುಮಾನವೂ ಬಾರದು. ಒಬ್ಬನ ಲೆಕ್ಕದಲ್ಲಿ ಶೂನ್ಯವಾಗಿರುವುದೇ ಮತ್ತೊಬ್ಬನ ಲೆಕ್ಕದಲ್ಲಿ ಅಪರಾಧವಾಗುವ ವಿಚಿತ್ರ ಪರಿಸ್ಥಿತಿ ಇದು.

ಬಸಿನೀರಿನ ಮುನ್ನರಿವಿಗೆ ಮೊದಲ ಸಾಧನ ಜಮಾಖರ್ಚಿನ ಪುಸ್ತಕದಂತಹ ಒಂದು ಲೆಕ್ಕ. ಮಣ್ಣನ್ನು ಒಂದು ಪಾತ್ರೆಯೆಂದು ಭಾವಿಸಬೇಕು. ಅದು ಹದದವರೆಗೆ ತುಂಬಿರುವಾಗ ತೇವದ ಕೊರತೆ ಸೊನ್ನೆ. ಬೇಸಗೆಯಲ್ಲಿ ಬಿಸಿಲೂ ಬೆಳೆಯ ಬೇರೂ ನೀರನ್ನು ಹೀರಿ ಆವಿಯಾಗಿಸುವುದರಿಂದ ಕೊರತೆ ಬೆಳೆಯುತ್ತದೆ; ಶರತ್ಕಾಲದ ಮಳೆ ಅದನ್ನು ತೀರಿಸುತ್ತ ಬರುತ್ತದೆ; ಕೊರತೆ ತೀರಿದ ಮೇಲೆ ಬಿದ್ದ ನೀರೇ ಬಸಿನೀರು. ಇದರಲ್ಲಿ ಮಳೆಯನ್ನು ಅಳೆಯುವುದು ಸುಲಭ. ಆವಿಯಾಗಿ ಹೋದುದನ್ನು ಅಳೆಯುವುದು ಕಷ್ಟ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಸಂಶೋಧನಾಲಯದ ಹವರ್ಡ್ ಪೆನ್‌ಮನ್ನನು ೧೯೪೮ರಲ್ಲಿ ಬಿಸಿಲು, ಉಷ್ಣತೆ, ಗಾಳಿಯ ವೇಗ, ಗಾಳಿಯ ತೇವ ಇವುಗಳಿಂದ ಅದನ್ನು ಗಣಿಸುವ ಸೂತ್ರವನ್ನು ಕೊಟ್ಟದ್ದರಿಂದ ಈ ಲೆಕ್ಕ ಸಾಧ್ಯವಾಯಿತು.

ಕಲ್ಪಿಸಿಕೊಂಡ ಸಂಖ್ಯೆಗಳ ಒಂದು ಉದಾಹರಣೆಯನ್ನು ನೋಡಬಹುದು. ಸೆಪ್ಟೆಂಬರಿನ ಮೊದಲ ದಿನ ಕೊರತೆ ೧೦೦ ಮಿಲಿಮೀಟರು. ಆ ತಿಂಗಳ ಮಳೆ ೫೦, ಆವಿಯಾದದ್ದು ೪೫. ಕೊರತೆ ೯೫ಕ್ಕೆ ಇಳಿಯಿತು. ಅಕ್ಟೋಬರಿನ ಮಳೆ ೭೫, ಆವಿ ೨೫, ಕೊರತೆ ೪೫. ನವೆಂಬರಿನ ಮಳೆ ೮೦, ಆವಿ ೧೦. ದಿನಕ್ಕೆ ಸರಾಸರಿ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಉಳಿತಾಯವಾಗುವುದರಿಂದ ನವೆಂಬರಿನ ೨೦ನೆಯ ದಿನದ ಸುಮಾರಿಗೆ ಕೊರತೆ ತೀರಿ ಕೊಳವೆ ಹರಿಯಬೇಕು. ಅಕ್ಟೋಬರಿನಲ್ಲಿ ೪೦ ಮಿಲಿಮೀಟರು ಹೆಚ್ಚು ಮಳೆಯಾಗಿದ್ದರೆ ತಿಂಗಳ ಕೊನೆಗೆ ಉಳಿಯುತ್ತಿದ್ದ ಕೊರತೆ ಐದೇ. ನವೆಂಬರಿನ ಮೂರನೆಯ ದಿನದ ವೇಳೆಗೇ ಹರಿವು ಮೊದಲಾಗುತ್ತಿತ್ತು. ಒಂದು ತಿಂಗಳ ಮಳೆಯ ವ್ಯತ್ಯಾಸದಿಂದ ಎರಡು ವಾರಗಳಿಗೂ ಮೀರಿ ದಿನ ಹಿಂದುಮುಂದಾಯಿತು. ಈ ಎರಡು ವಾರಗಳ ಬೆಲೆ ಸಣ್ಣದಲ್ಲ. ಮಣ್ಣಿನಲ್ಲಿ ಇಪ್ಪತ್ತು ದಿನಗಳಿಗೊಮ್ಮೆ ಅರ್ಧವಾಗುವ ಒಂದು ಮದ್ದನ್ನು ಹರಿವಿಗೆ ನಾಲ್ವತ್ತು ದಿನ ಮುಂಚೆ ಹಾಕಿದ್ದರೆ ಹರಿವಿನ ದಿನ ಕಾಲುಭಾಗ ಮಾತ್ರ ಉಳಿದಿರುತ್ತದೆ. ಉಳಿದುದೂ ಮಣ್ಣಿಗೆ ಚೆನ್ನಾಗಿ ಅಂಟಿಕೊಂಡಿರುತ್ತದೆ. ಹಿಂದಿನ ದಿನ ಹಾಕಿದ್ದರೆ ಹೆಚ್ಚುಕಡಿಮೆ ಪೂರ್ತಿಯಾಗಿ ಇರುತ್ತದೆ. ಮದ್ದು ಹಾಕಿದ ಮೇಲೆ ಬರುವ ಮೊದಲನೆಯ ಹರಿವೇ ಸಾಮಾನ್ಯವಾಗಿ ಅತ್ಯಂತ ಕಲುಷಿತವಾದುದು. ಅನಂತರದವು ಕ್ರಮೇಣ ತಿಳಿಯಾಗುತ್ತವೆ.

ಮರಳುಮಿಶ್ರಿತ ನೆಲದಲ್ಲಿ ಈ ಜಮಾಖರ್ಚು ಬಹಳ ಮಟ್ಟಿಗೆ ಸರಿಹೋಗುತ್ತದೆ. ಜೇಡಿಯಲ್ಲಿ, ಎಂದರೆ ಬಸಿಗೊಳವೆಗಳು ಹೆಚ್ಚಾಗಿರುವಲ್ಲಿಯೇ, ತಪ್ಪುತ್ತದೆ. ಲೆಕ್ಕದ ಪುಸ್ತಕದಲ್ಲಿ ೯೫ ಮಿಲಿಮೀಟರು ಸಾಲ ಬಾಕಿಯಿರುವಾಗಲೇ ಒಂದು ಬಿರುಮಳೆಯಿಂದ ಕೊಳವೆ ಹರಿದುಬಿಡುವುದುಂಟು. ಇದು ಹೇಗೆಂಬುದನ್ನು ಕಂಡವರು ಈ ಕಾಲದವರಲ್ಲ.

ರಾಥಮ್‌ಸ್ಟೆಡ್ಡನ್ನು ಸ್ಥಾಪಿಸಿದ ಜಾನ್ ಬೆನೆಟ್ ಲಾಸನೂ ಅವನ ಸಹೋದ್ಯೋಗಿ ಜೋಸೆಫ್ ಹೆನ್ರಿ ಗಿಲ್ಬರ್ಟನೂ ೧೮೭೦ರಲ್ಲಿ ಮೂರು ಬಸಿಮಾಪಕಗಳನ್ನು ಕಟ್ಟಿಸಿದರು. ಎಕರೆಯ ಸಾವಿರದಲ್ಲೊಂದು ಪಾಲು ವಿಸ್ತಾರದ ನೆಲದ ತುಂಡುಗಳನ್ನು, ಮಣ್ಣನ್ನು ಅಗೆದು ತುಂಬದೆ, ಇದ್ದದ್ದು ಇದ್ದಂತೆಯೇ ಉಳಿಸಿ, ಕೆಳಗಿನಿಂದ ತೂತುಗಳುಳ್ಳ ಕಬ್ಬಿಣದ ತಗಡುಗಳನ್ನು ಸೇರಿಸಿ, ಸುತ್ತಲೂ ಇಟ್ಟಿಗೆಯ ಗೋಡೆ ಕಟ್ಟಿದರು. ಒಂದರ ಆಳ ೨೦ ಅಂಗುಲ, ಇನ್ನೊಂದರದು ೪೦, ಮತ್ತೊಂದರದು ೬೦. ಮಣ್ಣನ್ನು ಕದಲಿಸದೆ ಉಳಿಸಿದುದರಲ್ಲಿಯೇ ಅವರ ವಿವೇಕವಿದೆ. ಜರಡಿ ಹಿಡಿದು ತುಂಬಿದ ಮಣ್ಣಿನಲ್ಲಿ ಮುಂದೆ ಹೇಳುವ ಸಂಗತಿ ಎಂದಿಗೂ ಕಾಣುತ್ತಿರಲಿಲ್ಲ. ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನನೊಡನೆ ಕೂಡಿ ೧೮೮೨ರ ವೇಳೆಗೆ ಅವರು ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಬಸಿನೀರು ಎರಡು ಬಗೆಯದೆಂದು ವಿಂಗಡಿಸಿದ್ದಾರೆ. ತುಂಬಿದ ಮಣ್ಣಿನ ರಂಧ್ರಗಳಿಂದ ನಿಧಾನವಾಗಿ ಇಳಿಯುವುದು ಒಂದು. ಮಳೆಯ ನೀರು ಬಿರುಕುಗಳಲ್ಲಿಯೂ ಬೇರು ಹುಳುಗಳ ದಾರಿಗಳಲ್ಲಿಯೂ ಮಣ್ಣನ್ನು ನೆನೆಸದೆಯೇ ನೇರವಾಗಿ ಕೆಳಕ್ಕೆ ಬೀಳುವುದು ಇನ್ನೊಂದು. ಎರಡು ನೀರುಗಳ ರಾಸಾಯನಿಕ ಗುಣವೇ ಬೇರೆಯಾಗಿರುವುದನ್ನು ಅವರು ಗಮನಿಸಿದ್ದರು.

ಇಂತಹ ಸ್ಪಷ್ಟವಾದ ಮಾತು ಸುಮಾರು ನೂರು ವರ್ಷ ಬದಿಗೆ ಬಿದ್ದಿತ್ತೆಂಬುದು ವಿಜ್ಞಾನದ ಇತಿಹಾಸದಲ್ಲಿ ಆಲೋಚಿಸತಕ್ಕ ವಿಷಯ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಫ್ರಾನ್ಸಿನ ಡಿಜೋನ್ ಪಟ್ಟಣದ ನೀರಿನ ವ್ಯವಸ್ಥೆಯನ್ನು ಕುರಿತ ಗ್ರಂಥದಲ್ಲಿ ಹೆನ್ರಿ ಡಾರ್ಸಿಯು ೧೮೫೬ರಲ್ಲಿ ಮರಳಿನ ಮೂಲಕ ನೀರು ಹರಿಯುವ ನಿಯಮವನ್ನು ಕೊಟ್ಟಿದ್ದನು. ಅಮೆರಿಕದ ರಿಚರ್ಡ್ಸನು ೧೯೩೧ರಲ್ಲಿ ಅದನ್ನು ಅರೆತುಂಬಿದ ಮಣ್ಣಿಗೂ ವಿಸ್ತರಿಸಿದನು. ಸಮೀಕರಣವು ಅಂದವಾಗಿದ್ದಿತು. ಅದಕ್ಕೆ ಒಗ್ಗುವುದು ಎಲ್ಲೆಲ್ಲಿಯೂ ಒಂದೇ ಸಮನಾದ ಮಣ್ಣು. ಬಿರುಕು, ಎರೆಹುಳುವಿನ ಬಿಲ ಮುಂತಾದುವು ಗಣಿತಕ್ಕೆ ಅಡ್ಡಿ ಬರುವ ಅಪವಾದಗಳಾಗಿ ತೋರಿದುವು. ಕೀತ್ ಬೆವನ್ ಮತ್ತು ಪೀಟರ್ ಗೆರ್ಮನ್ ಎಂಬಿಬ್ಬರು ೧೯೮೨ರಲ್ಲಿ ಹಿರಿರಂಧ್ರಗಳ ವಿಷಯವಾಗಿ ಬರೆದ ಪ್ರಬಂಧದಿಂದ ಮೇಲೆ ಅಪವಾದವು ಮತ್ತೆ ಮುಖ್ಯ ವಿಷಯವಾಯಿತು.

ಹಿರಿರಂಧ್ರದ ಸಾಮರ್ಥ್ಯಕ್ಕೆ ಕಾರಣ ಸರಳವಾದುದು. ಸಣ್ಣ ಕೊಳವೆಯಲ್ಲಿ ಹರಿಯುವ ನೀರಿನ ಪ್ರಮಾಣ ಅದರ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ತ್ರಿಜ್ಯ ಇಮ್ಮಡಿಯಾದರೆ ಹರಿವು ಹದಿನಾರು ಮಡಿ. ಹತ್ತು ಮಡಿಯಾದರೆ ಹತ್ತು ಸಾವಿರ ಮಡಿ. ಒಂದು ಮಿಲಿಮೀಟರು ತ್ರಿಜ್ಯದ ಹುಳುವಿನ ಬಿಲವೊಂದು, ಅದರ ಹತ್ತನೆಯ ಒಂದು ಪಾಲಿನಷ್ಟು ತ್ರಿಜ್ಯವುಳ್ಳ ಹತ್ತು ಸಾವಿರ ಕಿರುರಂಧ್ರಗಳ ಕೆಲಸವನ್ನು ಒಂಟಿಯಾಗಿ ಮಾಡಬಲ್ಲದು. ಹೊಲದ ಮಣ್ಣಿನಲ್ಲಿ ಇಂತಹ ದಾರಿಗಳ ಒಟ್ಟು ಗಾತ್ರ ನೂರರಲ್ಲಿ ಒಂದೆರಡು ಪಾಲಾಗಿರಬಹುದು. ಜಡಿಮಳೆಯಲ್ಲಿ ನೀರಿನ ದೊಡ್ಡ ಭಾಗ ಹೋಗುವುದು ಅವುಗಳಲ್ಲಿಯೇ. ಗಟ್ಟಿ ಜೇಡಿಯ ಒಳಗೆ ನೀರು ಇಂಗುವ ವೇಗ ದಿನಕ್ಕೆ ಕೆಲವೇ ಮಿಲಿಮೀಟರುಗಳಿದ್ದು, ಗಂಟೆಗೆ ಇಪ್ಪತ್ತು ಮಿಲಿಮೀಟರು ಮಳೆ ಸುರಿದರೆ, ಇಂಗಲಾರದ ನೀರು ಹತ್ತಿರದ ಬಿರುಕಿಗೆ ಇಳಿಯುವುದು ಸ್ವಾಭಾವಿಕ. ಹೊಲದ ಮೇಲ್ಮೈಯ ಒಂದೆರಡು ಮಿಲಿಮೀಟರು ಮಣ್ಣಿನಲ್ಲಿಯೇ ಇನ್ನೂ ಕುಳಿತಿರುವ ಹೊಸ ಮದ್ದನ್ನು ತೊಳೆದುಕೊಂಡೇ ಅದು ಇಳಿಯುತ್ತದೆ. ಬಿರುಕಿನ ಕೆಳಗೆ ನೇಗಿಲು ಎಳೆದ ಬಿಲ, ಬಿಲದ ಕೊನೆಯಲ್ಲಿ ಕೊಳವೆ, ಕೊಳವೆಯ ಕೊನೆಯಲ್ಲಿ ಕಂದಕ. ಒಣಗಿದ ಮಣ್ಣು ತನ್ನ ಬಾಯಾರಿಕೆಯನ್ನು ತೀರಿಸಿಕೊಳ್ಳುವ ಮುನ್ನವೇ ನೀರು ಅದರ ನಡುವಿನಿಂದ ಜಾರಿಹೋಗಿರುತ್ತದೆ. ಬೇಸಗೆ ಕಡುವಾದಷ್ಟೂ ಬಿರುಕು ಅಗಲವಾಗುತ್ತದೆ. ಆದುದರಿಂದ ಲೆಕ್ಕದಲ್ಲಿ ಕೊರತೆ ಅತ್ಯಧಿಕವಾಗಿರುವಾಗಲೇ, ಭೂಮಿ ಅತ್ಯಂತ ಸುರಕ್ಷಿತವೆಂದು ಪುಸ್ತಕ ಹೇಳುವಾಗಲೇ, ದಾರಿ ಅತ್ಯಂತ ಸಲೀಸಾಗಿರಬಹುದು.

ಆಕ್ಸ್‌ಫರ್ಡ್‌ಷೈರಿನ ಬ್ರಿಮ್‌ಸ್ಟೋನ್ ಎಂಬ ಜಮೀನಿನಲ್ಲಿ ೧೯೭೮ರಿಂದ ನಡೆದ ಪ್ರಯೋಗವು ಇದನ್ನು ಹೊಲದ ಅಳತೆಯಲ್ಲಿ ತೋರಿಸಿಕೊಟ್ಟಿತು. ಅಲ್ಲಿಯ ಡೆಂಚ್‌ವರ್ತ್ ಎಂಬ ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಜೇಡಿಯೇ. ನೆಲವನ್ನು ಪ್ರತ್ಯೇಕ ತಾಕುಗಳಾಗಿ ಭಾಗಿಸಿ, ಒಂದೊಂದರ ಬಸಿನೀರನ್ನೂ ಬೇರೆ ಬೇರೆಯಾಗಿ ಅಳೆದು ಪರೀಕ್ಷಿಸಿದರು. ಗೋಧಿಯ ಕಳೆಗೆ ಆಗ ಎಲ್ಲೆಡೆಯೂ ಬಳಕೆಯಲ್ಲಿದ್ದ ಐಸೊಪ್ರೊಟುರಾನ್ ಎಂಬ ಮದ್ದು, ಹಾಕಿದ ಮೇಲಿನ ಮೊದಲ ಹರಿವುಗಳಲ್ಲಿ ಕುಡಿಯುವ ನೀರಿನ ಮಿತಿಯನ್ನು ಅನೇಕ ಪಟ್ಟು ಮೀರಿ ಕಾಣಿಸಿಕೊಂಡಿತು. ಸ್ವೀಡನ್ನಿನ ಉಪ್ಸಾಲಾದ ಕೃಷಿವಿಶ್ವವಿದ್ಯಾನಿಲಯದ ನಿಕೊಲಾಸ್ ಜಾರ್ವಿಸ್ ಎಂಬವರು ರಚಿಸಿದ ಮ್ಯಾಕ್ರೋ ಎಂಬ ಗಣಿತದ ಮಾದರಿಯಲ್ಲಿ ಮಣ್ಣನ್ನು ಎರಡು ಪ್ರಪಂಚಗಳಾಗಿ ಭಾವಿಸಲಾಗಿದೆ. ಕಿರುರಂಧ್ರಗಳಲ್ಲಿ ರಿಚರ್ಡ್ಸನ ಸಮೀಕರಣ ನಡೆಯುತ್ತದೆ. ಹಿರಿರಂಧ್ರಗಳಲ್ಲಿ ನೀರು ಬಹುಮಟ್ಟಿಗೆ ಭಾರದಿಂದಲೇ ಇಳಿಯುತ್ತದೆ. ಎರಡರ ನಡುವೆ ಕೊಡುಕೊಳೆಯಿರುತ್ತದೆ. ಲಾಸ್, ಗಿಲ್ಬರ್ಟ್, ವಾರಿಂಗ್ಟನ್ನರ ವಿಂಗಡಣೆಯೇ ಇಲ್ಲಿ ಸಮೀಕರಣವಾಗಿ ಮರಳಿ ಬಂದಿತೆನ್ನಬಹುದು. ಯೂರೋಪಿನಲ್ಲಿ ಹೊಸ ಪೀಡೆನಾಶಕಕ್ಕೆ ಅನುಮತಿ ಕೊಡುವ ಮುನ್ನ ಅದು ತೊರೆಗಳನ್ನು ಎಷ್ಟು ಸೇರಬಹುದೆಂದು ಗಣಿಸುವುದಕ್ಕೆ ಹತ್ತು ಮಾದರಿ ನೆಲೆಗಳನ್ನು ಗೊತ್ತುಮಾಡಿದ್ದಾರೆ. ಅವುಗಳಲ್ಲಿ ಆರು ಬಸಿನೀರಿನವು, ಆ ಆರರಲ್ಲಿ ಬ್ರಿಮ್‌ಸ್ಟೋನ್ ಒಂದು.

ಆದರೆ ಅನುಮತಿ ಕೊಡುವ ಅಧಿಕಾರಿಗೆ ಬೇಕಾದ ಮುನ್ನರಿವು ಬೇರೆ, ನಾಳೆ ಬೆಳಿಗ್ಗೆ ಯಂತ್ರವನ್ನು ಹೊಲಕ್ಕಿಳಿಸಬೇಕೇ ಬೇಡವೇ ಎಂದು ನಿರ್ಧರಿಸುವವನಿಗೆ ಬೇಕಾದುದು ಬೇರೆ. ಮೊದಲನೆಯವನಿಗೆ ಹಲವು ವರ್ಷಗಳ ಸರಾಸರಿ ಸಾಕು. ಎರಡನೆಯವನಿಗೆ ಈ ಹೊಲ, ಈ ವಾರ ಎಂದು ಹೇಳಬೇಕು. ಮೆಟಾಲ್ಡಿಹೈಡಿನ ಕಥೆಯಲ್ಲಿ ಈ ಅಂತರ ಚೆನ್ನಾಗಿ ಕಾಣುತ್ತದೆ. ಚಿಪ್ಪಿಲ್ಲದ ಬಸವನಹುಳುಗಳು ತೇವವಾದ ಶರತ್ಕಾಲದಲ್ಲಿ ಗೋಧಿಯ ಬೀಜವನ್ನೂ ಸಾಸಿವೆಯ ಜಾತಿಯ ರೇಪ್ ಎಂಬ ಎಣ್ಣೆಬೀಜದ ಎಳೆಯ ಸಸಿಗಳನ್ನೂ ತಿಂದು ಹಾಳುಮಾಡುತ್ತವೆ. ಅವುಗಳಿಗಾಗಿ ಈ ವಿಷವನ್ನು ಸಣ್ಣ ಗುಳಿಗೆಗಳಲ್ಲಿ ಸೇರಿಸಿ ಹೊಲದಲ್ಲಿ ಚೆಲ್ಲುತ್ತಿದ್ದರು. ೨೦೦೭ರಿಂದ ಈಚೆಗೆ ಪರೀಕ್ಷೆಯ ವಿಧಾನಗಳು ಸುಧಾರಿಸಲು ಇದು ಇಂಗ್ಲೆಂಡಿನ ನೀರಿನಲ್ಲಿ ಮಿತಿ ಮೀರಿ ದೊರೆಯತೊಡಗಿತು. ಇತರ ಅನೇಕ ಪೀಡೆನಾಶಕಗಳನ್ನು ಹಿಡಿದಿಡುವ ಸಕ್ರಿಯ ಇದ್ದಲಿನ ಶೋಧಕಗಳು ಇದನ್ನು ಮಾತ್ರ ಚೆನ್ನಾಗಿ ಹಿಡಿಯಲಾರವು. ಶುದ್ಧೀಕರಣದ ಕೊನೆಯ ಬಾಗಿಲು ಮುಚ್ಚಿದ್ದರಿಂದ ಹೊಲದಲ್ಲಿಯೇ ತಡೆಯುವುದೊಂದೇ ದಾರಿಯಾಯಿತು. ಆಗಸ್ಟಿನಿಂದ ಡಿಸೆಂಬರಿನವರೆಗೆ ಹೆಕ್ಟೇರಿಗೆ ೨೧೦ ಗ್ರಾಮಿಗಿಂತ ಹೆಚ್ಚು ಹಾಕಕೂಡದು, ಬಸಿಗೊಳವೆ ಹರಿಯುತ್ತಿದ್ದರೆ ಹಾಕಲೇಕೂಡದು ಎಂಬ ಸೂಚನೆಗಳು ಹೊರಟವು.

ಎರಡನೆಯ ಸೂಚನೆ ನ್ಯಾಯವಾದುದೇ. ಆದರೆ ಅದು ಇಂದಿನ ಸ್ಥಿತಿಯನ್ನು ಹೇಳುವುದೇ ಹೊರತು ನಾಳೆಯದನ್ನಲ್ಲ. ಕೊಳವೆ ಇಂದು ಒಣಗಿದೆಯೆಂದು ಗುಳಿಗೆ ಚೆಲ್ಲಿದವನ ಹೊಲದಲ್ಲಿ ಮೂರು ದಿನಗಳ ಮೇಲೆ ಕೊಳವೆ ಹರಿದರೆ, ಸೂಚನೆಯನ್ನು ಅಕ್ಷರಶಃ ಪಾಲಿಸಿಯೂ ನೀರು ಕೆಟ್ಟಿತು. ಮೇಲಾಗಿ ಹುಳುಗಳ ಹಾವಳಿಯೂ ಕೊಳವೆಯ ಹರಿವೂ ಒಂದೇ ಮಳೆಯ ಮಕ್ಕಳು. ಮದ್ದಿನ ಅಗತ್ಯ ಹೆಚ್ಚಾದಷ್ಟೂ ಅದರ ಅಪಾಯವೂ ಹೆಚ್ಚುತ್ತದೆ. ಪೂರ್ವ ಇಂಗ್ಲೆಂಡಿನ ಒಂದು ಜಲಸಂಸ್ಥೆಯು ೨೦೧೫ರಲ್ಲಿ ತನ್ನ ಕೆಲವು ಜಲಾಶಯಗಳ ಸುತ್ತಲಿನ ಒಕ್ಕಲಿಗರಿಗೆ ಹಣಕೊಟ್ಟು ಫೆರಿಕ್ ಫಾಸ್ಫೇಟಿನ ಗುಳಿಗೆಗಳನ್ನು ಬಳಸುವಂತೆ ಮಾಡಿತು. ಸರಕಾರವು ೨೦೧೮ರ ಡಿಸೆಂಬರಿನಲ್ಲಿ ಮೆಟಾಲ್ಡಿಹೈಡನ್ನು ನಿಷೇಧಿಸಿತು. ೨೦೧೯ರಲ್ಲಿ ನ್ಯಾಯಾಲಯದಲ್ಲಿ ಆ ಆಜ್ಞೆ ಬಿದ್ದುಹೋಯಿತು. ೨೦೨೦ರಲ್ಲಿ ಮತ್ತೆ ನಿಷೇಧವಾಗಿ, ಹೊರಗಿನ ಬಳಕೆ ೨೦೨೨ರ ಮಾರ್ಚಿ ೩೧ಕ್ಕೆ ಕೊನೆಗೊಂಡಿತು. ನಿಷೇಧಕ್ಕೆ ಕೊಟ್ಟ ಕಾರಣ ಹಕ್ಕಿಗಳಿಗೂ ಸಣ್ಣ ಪ್ರಾಣಿಗಳಿಗೂ ಆಗುವ ಅಪಾಯವೇ ವಿನಾ ನೀರಲ್ಲ. ಹತ್ತು ವರ್ಷಕ್ಕೂ ಮೇಲ್ಪಟ್ಟು ನೀರಿನ ಹೆಸರಿನಲ್ಲಿ ನಡೆದ ವಾದಕ್ಕೆ ತೀರ್ಪು ಬೇರೊಂದು ಕಡೆಯಿಂದ ಬಂದಿತು.

ಇದಕ್ಕಿಂತಲೂ ಬಿಡಿಸಲಾಗದ ಗಂಟು ಪ್ರೊಪಿಜಮೈಡ್ ಎಂಬ ಕಳೆನಾಶಕದ್ದು. ಬ್ಲ್ಯಾಕ್‌ಗ್ರಾಸ್ ಎಂಬ ಕಳೆಹುಲ್ಲು ಜೇಡಿಭೂಮಿಯ ಗೋಧಿಗೆ ದೊಡ್ಡ ಶತ್ರು. ಅನೇಕ ಕಳೆನಾಶಕಗಳನ್ನು ಅದು ಈಗ ಲೆಕ್ಕಿಸುವುದಿಲ್ಲ. ಗೋಧಿಯ ನಡುವೆ ರೇಪ್ ಬೆಳೆದ ವರ್ಷ ಪ್ರೊಪಿಜಮೈಡಿನಿಂದ ಅದನ್ನು ಅಡಗಿಸಬಹುದು. ಆದರೆ ಈ ಮದ್ದು ಕೆಲಸ ಮಾಡುವುದು ಮಣ್ಣು ತಂಪಾಗಿ, ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಕ್ಕೆ ಇಳಿಯುತ್ತ, ತೇವವಾಗಿಯೂ ಇರುವಾಗ. ಅಂತಹ ಕಾಲ ನವೆಂಬರಿನಿಂದ ಜನವರಿಯವರೆಗೆ. ಬಸಿಗೊಳವೆಗಳು ಹರಿಯತೊಡಗುವುದೂ ಆಗಲೇ. ಬೇಗ ಹಾಕಿದರೆ ಕಳೆ ಉಳಿಯುತ್ತದೆ, ತಡಮಾಡಿದರೆ ನೀರು ಕೆಡುತ್ತದೆ. ಮಣ್ಣು ತಣ್ಣಗಾದ ದಿನಕ್ಕೂ ಕೊರತೆ ತೀರುವ ದಿನಕ್ಕೂ ನಡುವೆ ಕೆಲವು ವರ್ಷ ಎರಡು ಮೂರು ವಾರಗಳ ಸಂಧಿ ದೊರೆಯಬಹುದು; ಕೆಲವು ವರ್ಷ ಸಂಧಿಯೇ ಇರುವುದಿಲ್ಲ. ಮುನ್ನರಿವಿನ ಪ್ರಯೋಜನವೆಲ್ಲ ಈ ಸಂಧಿಯನ್ನು ಗುರುತಿಸುವುದರಲ್ಲಿದೆ.

ಈಗ ಸಾಧ್ಯವಾಗಿರುವ ಮುನ್ನರಿವಿನ ಸ್ವರೂಪವನ್ನು ಸ್ಥೂಲವಾಗಿ ಹೇಳಬಹುದು. ಇಂದಿನವರೆಗಿನ ಕೊರತೆಯನ್ನು ಜಮಾಖರ್ಚಿನಿಂದ ತಿಳಿಯಬಹುದು. ಅದರಲ್ಲಿ ತಪ್ಪು ಸ್ವಲ್ಪವೇ. ಮುಂದಿನ ನಾಲ್ಕೈದು ದಿನಗಳ ಮಳೆಯನ್ನು ಹವಾಮಾನಶಾಸ್ತ್ರದಿಂದ ತಕ್ಕಮಟ್ಟಿಗೆ ತಿಳಿಯಬಹುದು. ಅದರಾಚೆಗೆ ಕಣ್ಣು ಮಂದ. ಆಗ ಕಳೆದ ಮೂವತ್ತು ವರ್ಷಗಳ ಮಳೆಯ ದಾಖಲೆಯನ್ನು ತೆಗೆದು, ಒಂದೊಂದು ವರ್ಷದ ಮಳೆಯನ್ನೂ ಇಂದಿನ ಕೊರತೆಯ ಮೇಲೆ ಸುರಿಸಿ ನೋಡುತ್ತಾರೆ. ಮೂವತ್ತರಲ್ಲಿ ಆರು ವರ್ಷ ಎರಡು ವಾರದೊಳಗೆ ಕೊಳವೆ ಹರಿದರೆ ಅಪಾಯ ಐದರಲ್ಲಿ ಒಂದು. ಜೇಡಿಯ ಪ್ರಮಾಣ ಹೆಚ್ಚಿರುವಲ್ಲಿ, ಮಳೆಯ ಒಟ್ಟು ಮೊತ್ತವನ್ನಲ್ಲದೆ ಅದರ ರಭಸವನ್ನೂ ಲೆಕ್ಕಕ್ಕೆ ಸೇರಿಸಬೇಕು. ಐದರಲ್ಲಿ ಒಂದು ಅಪಾಯ ಸಹ್ಯವೇ ಎಂಬುದು ಮಾತ್ರ ಗಣಿತದ ಪ್ರಶ್ನೆಯಲ್ಲ. ಸುಳ್ಳು ಎಚ್ಚರಿಕೆಯ ನಷ್ಟ ಒಬ್ಬ ಒಕ್ಕಲಿಗನ ಮೇಲೆ ಕಣ್ಣಿಗೆ ಕಾಣುವಂತೆ ಬೀಳುತ್ತದೆ. ಎಚ್ಚರಿಕೆ ತಪ್ಪಿದುದರ ನಷ್ಟ ಸಹಸ್ರಾರು ಮಂದಿಯ ಮೇಲೆ ಕಾಣದಂತೆ ಹಂಚಿಹೋಗುತ್ತದೆ. ಎರಡು ಮೂರು ಸುಳ್ಳು ಎಚ್ಚರಿಕೆಗಳಾದ ಮೇಲೆ ಒಕ್ಕಲಿಗನು ನಾಲ್ಕನೆಯದನ್ನು ಕೇಳದಿದ್ದರೆ ಆಶ್ಚರ್ಯವಿಲ್ಲ. ಇದೇ ಮುನ್ನರಿವು ಕೆಳಗಿನವರಿಗೂ ಉಪಯೋಗವಾಗುತ್ತದೆ. ಹೊಳೆಯಿಂದ ನೀರೆತ್ತಿ ಜಲಾಶಯ ತುಂಬುವಲ್ಲಿ, ಮೊದಲ ಹರಿವು ಸಾಗಿಹೋಗುವವರೆಗೆ ಒಂದೆರಡು ದಿನ ಯಂತ್ರಗಳನ್ನು ನಿಲ್ಲಿಸಿಕೊಳ್ಳಬಹುದು.

ಇವೆಲ್ಲಕ್ಕೂ ಮೊದಲು ಕೊಳವೆಗಳು ಎಲ್ಲಿವೆಯೆಂಬುದು ತಿಳಿದಿರಬೇಕಷ್ಟೆ. ನೂರೈವತ್ತು ವರ್ಷಗಳ ಹಿಂದೆ ಹುಗಿದವಕ್ಕೆ ಬಹುಕಡೆ ನಕ್ಷೆಯೇ ಇಲ್ಲ. ಅಮೆರಿಕದ ಮಧ್ಯಪಶ್ಚಿಮದ ಮೆಕ್ಕೆಜೋಳದ ಸೀಮೆಯಲ್ಲಿಯೂ ಇದೇ ತೊಡಕು. ಸಾಗುವಳಿಯ ನೆಲದ ಸುಮಾರು ಅರ್ಧಭಾಗಕ್ಕೆ ಬಸಿಗೊಳವೆಗಳಿರುವ ಡೆನ್ಮಾರ್ಕಿನಲ್ಲಿ ಮಣ್ಣಿನ ಜಾತಿ, ಇಳಿಜಾರು, ತಗ್ಗು ಇವುಗಳಿಂದ, ಯಾವ ಹೊಲದಲ್ಲಿ ಕೊಳವೆಯಿರಬಹುದೆಂದು ಗಣಕಯಂತ್ರಗಳ ಸಹಾಯದಿಂದ ಊಹಿಸುವ ಪ್ರಯತ್ನಗಳು ನಡೆದಿವೆ. ಆಕಾಶದಿಂದ ತೆಗೆದ ಚಿತ್ರಗಳೂ ನೆರವಾಗುತ್ತವೆ. ಒಳ್ಳೆಯ ಮಳೆಯಾಗಿ ಎರಡು ಮೂರು ದಿನ ಕಳೆದಾಗ ಕೊಳವೆಯ ಮೇಲಿನ ಮಣ್ಣು ಸುತ್ತಲಿನದಕ್ಕಿಂತ ಬೇಗ ಒಣಗಿ ಬಿಳುಪಾಗುತ್ತದೆ. ಬರಿಯ ಹೊಲದಲ್ಲಿ ಮರೆತುಹೋದ ಕೊಳವೆಗಳ ಸಾಲೆಲ್ಲ ಮೀನಿನ ಮುಳ್ಳಿನಂತೆ ಮೂಡಿಬರುತ್ತದೆ. ಇನ್ನೆರಡು ದಿನಗಳಲ್ಲಿ ಹೊಲವೆಲ್ಲ ಒಣಗಿ ಚಿತ್ರ ಅಳಿಸಿಹೋಗುತ್ತದೆ.

ಕರ್ನಾಟಕದ ಎರೆಭೂಮಿಗೂ ಇಂಗ್ಲೆಂಡಿನ ಜೇಡಿಗೂ ಹುಟ್ಟು ಬೇರೆಯಾದರೂ ಬಿರಿಯುವ ಗುಣ ಒಂದೇ; ಬೇಸಗೆಯ ಎರೆನೆಲದ ಬಿರುಕುಗಳು ಬ್ರಿಮ್‌ಸ್ಟೋನಿನವನ್ನು ಮೀರಿಸುತ್ತವೆ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ನಾಲೆಯ ನೀರಿನಿಂದ ಜವುಳೂ ಚೌಳೂ ಹರಡಿದುದರಿಂದ, ಗಂಗಾವತಿಯ ಕೃಷಿಸಂಶೋಧನ ಕೇಂದ್ರದವರು ನೆಲದೊಳಗಿನ ಬಸಿಗೊಳವೆಗಳ ಪ್ರಯೋಗಗಳನ್ನು ನಡೆಸಿದ್ದಾರೆ. ಉಪ್ಪನ್ನು ತೊಳೆದು ಹೊರಹಾಕುವುದು ಅವುಗಳ ಮುಖ್ಯ ಕೆಲಸ; ಆದರೆ ಬತ್ತಕ್ಕೆ ಹೊಡೆದ ಮದ್ದು ಅದೇ ದಾರಿಯಲ್ಲಿ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುವುದಕ್ಕೆ ಅಡ್ಡಿಯೇನೂ ಇಲ್ಲ. ಇಲ್ಲಿಯ ಜಮಾಖರ್ಚಿನಲ್ಲಿ ಒಂದು ವ್ಯತ್ಯಾಸವುಂಟು. ಇಂಗ್ಲೆಂಡಿನಲ್ಲಿ ಜಮೆಯೆಲ್ಲ ಮಳೆ, ಅದರ ದಿನವನ್ನು ಯಾರೂ ಗೊತ್ತುಮಾಡಲಾರರು. ಅಚ್ಚುಕಟ್ಟಿನಲ್ಲಿ ಜಮೆಯ ದೊಡ್ಡ ಭಾಗ ನಾಲೆಯ ನೀರು. ಅದನ್ನು ಯಾವಾಗ ಬಿಡಬೇಕೆಂದು ನೀರಾವರಿ ಸಲಹಾ ಸಮಿತಿ ಕುಳಿತು ತೀರ್ಮಾನಿಸುತ್ತದೆ, ತೂಬು ಎತ್ತುವ ಮುನ್ನ ಆ ದಿನ ಊರೂರಿಗೂ ತಿಳಿದಿರುತ್ತದೆ.